ಒಡೆದ ಮೂಲೆಯ ಮೆಟ್ಟಿಲು

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಒಡೆದ ಮೂಲೆಯ ಮೆಟ್ಟಿಲು ನೀರಿನಲ್ಲಿ ಮುಳುಗಿತು. ಅಂದಾಜಿನ ಮಾತಲ್ಲ, ಕೈಗಡಿಯಾರ ನೋಡಿಕೊಂಡೇ ಕೂತಿದ್ದೆ. ಹತ್ತು ನಿಮಿಷಕ್ಕೊಮ್ಮೆ ಆ ಮೆಟ್ಟಿಲನ್ನು ನೋಡುವುದು, ನೋಡಿದ್ದನ್ನು ಪುಸ್ತಕದಲ್ಲಿ ಬರೆಯುವುದು, ಅದರ ಒಡೆದ ಮೂಲೆ ಮುಳುಗಿದ ಕೂಡಲೇ ಉದ್ದಕ್ಕೆ ಒಂದು ಸೀಟಿ ಊದುವುದು ನನ್ನ ಕೆಲಸ. ಸೀಟಿ ಕೇಳಿದರೆ ಹೊಳೆಯಲ್ಲಿದ್ದವರು ಕೈಯಲ್ಲಿ ಏನಿದ್ದರೂ ಬಿಟ್ಟು ಮೇಲೆ ಬರಬೇಕು. ಸೀಟಿ ಆಗ ನನ್ನ ತುಟಿಗಳ ನಡುವೆಯೇ ಇತ್ತು.

ನಾನು ಊದಲಿಲ್ಲ.

ನಂಜನಗೂಡಿನಲ್ಲಿ ಕಪಿಲೆಗೆ ಬಂದು ಮಿಂದವರಲ್ಲಿ ಎಷ್ಟೋ ಜನ ಉಟ್ಟ ಬಟ್ಟೆಯನ್ನು ಹೊಳೆಗೇ ಬಿಟ್ಟು ಹೋಗುತ್ತಾರೆ. ಬಟ್ಟೆಯ ಜೊತೆ ಪಾಪವೂ ಹೋಗುತ್ತದೆ ಎಂದು ನಂಬಿಕೆ. ಆದರೆ ಬಟ್ಟೆ ಎಲ್ಲಿಗೂ ಹೋಗುವುದಿಲ್ಲ. ನೀರು ಕುಡಿದು ಮುಳುಗಿ ತಳದ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಅದರ ಮೇಲೆ ಇನ್ನೊಂದು ಬಂದು ಕೂರುತ್ತದೆ. ಸೀರೆಗೆ ಪಂಚೆ ಸುತ್ತಿಕೊಂಡು, ಪಂಚೆಗೆ ಟವೆಲು ಸುತ್ತಿಕೊಂಡು, ನಡುವೆ ಮರಳು ಸೇರಿ, ನಾಲ್ಕು ಜನ ಎಳೆದರೂ ಅಲುಗದ ಗಂಟಾಗುತ್ತದೆ. ನಾನು ಹುಟ್ಟಿ ಬೆಳೆದದ್ದು ಅದೇ ಊರಿನಲ್ಲಿ. ಆ ಗಂಟುಗಳನ್ನು ತೆಗೆಯಬೇಕು, ನಂಜನಗೂಡಿನಿಂದ ಶುರು ಮಾಡಿ ಹೊಳೆಯ ಜೊತೆಗೇ ಇಳಿದು ನರಸೀಪುರದ ಸಂಗಮದವರೆಗೆ ಹೋಗಬೇಕು ಎಂದು ನಮ್ಮ ತಂಡದ ಮುಂದೆ ಯೋಜನೆ ಇಟ್ಟವಳೂ ನಾನೇ.

ನಮ್ಮದು ಊರಿಂದ ಊರಿಗೆ ಹೋಗುವ ಸ್ವಯಂಸೇವಕರ ತಂಡ. ಒಂದು ಟೆಂಪೋ, ಹನ್ನೆರಡು ಜನ, ಊರಿಗೆ ಹತ್ತು ದಿನ, ಮಲಗುವುದು ಸರ್ಕಾರಿ ಶಾಲೆಯ ಕೋಣೆಗಳಲ್ಲಿ. ನಿವೃತ್ತ ಡ್ರಿಲ್ ಮೇಷ್ಟ್ರೊಬ್ಬರು ನಮ್ಮ ಮುಖ್ಯಸ್ಥರು. ಚಿಕ್ಕಯ್ಯನಛತ್ರದಲ್ಲಿ ಕೆರೆ ಏರಿಯ ಮೇಲಿನ ಕಳೆ ಕಿತ್ತಿದ್ದೆವು, ಬದನವಾಳಿನಲ್ಲಿ ಶಾಲೆಗೆ ಸುಣ್ಣ ಬಳಿದಿದ್ದೆವು. ಬದನವಾಳಿನಲ್ಲಿ ಸುಣ್ಣದ ಬಕೆಟ್ಟು ಹಿಡಿದು ನಿಂತಿದ್ದಾಗ ಬಂದು ಸೇರಿಕೊಂಡವಳು ಬನ್ನೂರಿನ ಹುಡುಗಿ. ನನಗಿಂತ ಮೂರು ವರ್ಷ ಚಿಕ್ಕವಳು. ಬಂದ ದಿನವೇ ನನ್ನನ್ನು ಅಕ್ಕ ಎಂದಳು. ಬಂದ ದಿನವೇ ಏಣಿಯ ತುದಿಗೆ ಹತ್ತಿ, ನಾವು ಮೂರು ದಿನದಿಂದ ಹೇಗೆ ಬಳಿಯುವುದೆಂದು ನೋಡುತ್ತಿದ್ದ ಚಾವಣಿಯ ಅಂಚನ್ನು ಬಳಿದು ಇಳಿದಳು. ಮೇಷ್ಟ್ರು "ಭೇಷ್" ಎಂದರು. ಎರಡು ವರ್ಷದಲ್ಲಿ ಆ ಮಾತು ನನಗೆ ಸಿಕ್ಕಿರಲಿಲ್ಲ.

ಹೊಳೆಯ ಕೆಲಸದ ಮೊದಲ ದಿನ ನೀರಿಗಿಳಿದವಳು ನಾನು. ಮೈಸೂರಿನಲ್ಲಿ ಓದುವಾಗ ಈಜುಕೊಳದಲ್ಲಿ ಕಲಿತಿದ್ದೆ, ಸರ್ಟಿಫಿಕೇಟ್ ಕೂಡ ಇತ್ತು. ಎದೆಮಟ್ಟದ ನೀರಿಗೆ ಹೋಗಿ ಕಾಲಿನಲ್ಲಿ ತಳ ಮುಟ್ಟಿದೆ. ಮೆತ್ತಗೆ ಏನೋ ಪಾದವನ್ನು ತಬ್ಬಿಕೊಂಡ ಹಾಗಾಯಿತು. ಬಟ್ಟೆ ಎಂದು ಗೊತ್ತಿದ್ದೂ ಕಿರುಚಿಕೊಂಡೆ, ನೀರು ಕುಡಿದೆ. ಮೇಷ್ಟ್ರೇ ಕೈ ಹಿಡಿದು ಮೇಲೆ ಕರೆತಂದರು.

"ನಿನ್ನ ಕಣ್ಣು ಚುರುಕು ಕಣಮ್ಮ. ನೀನು ದಡದಲ್ಲಿರು. ಹಗ್ಗ, ಸೀಟಿ, ಪುಸ್ತಕ ಮೂರೂ ನಿಂದೇ."

ನನ್ನ ಜಾಗಕ್ಕೆ ಬನ್ನೂರಿನವಳು ಇಳಿದಳು. ಊರ ನಾಲೆಯಲ್ಲಿ ಅಣ್ಣಂದಿರ ಜೊತೆ ಬಿದ್ದು ಎದ್ದು ಕಲಿತ ಈಜು ಅವಳದು. ಕಾಲ್ಬೆರಳಿನಲ್ಲಿ ಮುಟ್ಟಿಯೇ, "ಅಕ್ಕ, ಇದು ನೈಲೆಕ್ಸ್ ಸೀರೆ. ಇದರ ಕೆಳಗೆ ಜಮಖಾನ ಇದ್ದಂಗದೆ" ಎನ್ನುತ್ತಿದ್ದಳು. ಎಳೆದರೆ ನಿಜಕ್ಕೂ ಜಮಖಾನವೇ ಬರುತ್ತಿತ್ತು.

ಕೆಲಸದ ಕ್ರಮ ಹೀಗಿತ್ತು. ಇಳಿಯುವವರ ಸೊಂಟಕ್ಕೆ ಹಳದಿ ನೈಲಾನ್ ಹಗ್ಗ. ಅದರ ಇನ್ನೊಂದು ತುದಿ ಮೆಟ್ಟಿಲ ಪಕ್ಕದ ಕಲ್ಲುಕಂಬಕ್ಕೆ ಒಂದು ಸುತ್ತು ಬಂದು ನನ್ನ ಕೈಯಲ್ಲಿ. ಬೇರೊಂದು ದಪ್ಪ ಹಗ್ಗದ ತುದಿಗೆ ಕಬ್ಬಿಣದ ಸರಳು ಬಗ್ಗಿಸಿ ಮಾಡಿಸಿದ ಕೊಕ್ಕೆ. ಇಳಿದವರು ಕೊಕ್ಕೆಯನ್ನು ಗಂಟಿಗೆ ಸಿಕ್ಕಿಸಿ ಕೈ ಎತ್ತಿದರೆ, ದಡದಲ್ಲಿ ನಾಲ್ಕು ಜನ ದಪ್ಪ ಹಗ್ಗವನ್ನು ಎಳೆಯುವರು. ಮೇಲೆ ಬಂದ ಬಟ್ಟೆಯನ್ನು ಮರಳಿನ ಮೇಲೆ ಹರಡಿ, ಹತ್ತಿ ಬೇರೆ, ನೈಲಾನ್ ಬೇರೆ ಮಾಡುವರು. ಹೊಳೆಯ ಮೇಲಿನ ಸೀಮೆಯಲ್ಲಿ ಮಳೆ ಶುರುವಾದ ದಿನಗಳಾದ್ದರಿಂದ ನೀರು ಯಾವಾಗ ಏರುತ್ತದೆಂದು ಹೇಳುವ ಹಾಗಿರಲಿಲ್ಲ. ಅದಕ್ಕೇ ಆ ಒಡೆದ ಮೂಲೆಯ ಮೆಟ್ಟಿಲನ್ನು ಗುರುತು ಮಾಡಿಕೊಂಡದ್ದು.

ಜೊತೆಗೆ ತೆಪ್ಪದ ಅಜ್ಜ ಒಬ್ಬರಿದ್ದರು. ಮೀನು ಹಿಡಿಯುವವರು. ನಾವು ಕೆಲಸ ಮಾಡುವಷ್ಟು ಹೊತ್ತು ಸ್ವಲ್ಪ ಕೆಳಗೆ ತೆಪ್ಪ ನಿಲ್ಲಿಸಿಕೊಂಡು ಬೀಡಿ ಸೇದುತ್ತಾ ಕೂತಿರುತ್ತಿದ್ದರು. ಮೊದಲ ದಿನವೇ ಅವರು ಹೇಳಿದ್ದರು.

"ಬಟ್ಟೆ ಕಾಲ್ಗೆ ಸುತ್ಕಂಡ್ರೆ ಮೇಲಿಂದ ಎಳೀಬ್ಯಾಡಿ ಕಣ್ರವ್ವ. ಅಗ್ಗ ಸಡ್ಲ ಬುಡಿ. ನೀರು ಯಾವ ಕಡೀಕ್ ಓಯ್ತದೋ ಆ ಕಡೀಕೇ ಓಗ್ಲಿ. ಬಟ್ಟೆ ತಾನಾಗೇ ಬುಡ್ತದೆ. ಎಳುದ್ರೆ ಉರ್ಲು ಬಿಗೀತದೆ."

ಚಿಕ್ಕಯ್ಯನಛತ್ರದಲ್ಲಿ ತಂಡಕ್ಕೆ ಸೇರಿ ಈಗ ಕೊಕ್ಕೆಯ ಹಗ್ಗ ಎಳೆಯುತ್ತಿದ್ದ ಛತ್ರದ ಹುಡುಗ ಬಿಡಲಿಲ್ಲ. "ಅಗ್ಗ ಬುಟ್ರೆ ಸೀದಾ ನರಸೀಪುರ ಸೇರ್ತಾರೆ ಅಜ್ಜ. ಹೆಂಗಸ್ರಿಗೆ ಬಸ್ಸೇ ಫ್ರೀ ಅದೆ, ಒಳೇಲಿ ಯಾಕ್ ಓಗವ?"

ಎಲ್ಲರೂ ನಕ್ಕರು. ಅಜ್ಜನೂ ನಕ್ಕರು. ಮೇಷ್ಟ್ರು ಮಾತ್ರ, "ನಮ್ಮ ನಿಯಮ ನಮಗೆ. ತೊಂದರೆ ಅಂದರೆ ಎಳೆಯೋದು, ಅಷ್ಟೇ" ಎಂದರು. ನಾನು ಎರಡನ್ನೂ ಪುಸ್ತಕದಲ್ಲಿ ಬರೆದುಕೊಂಡೆ.

ಮೀಯಲು ಬಂದ ಹೆಂಗಸೊಬ್ಬರು ನಮ್ಮ ಬಟ್ಟೆಯ ಗುಡ್ಡೆ ನೋಡಿ ಕೆನ್ನೆಗೆ ಕೈ ಹಚ್ಚಿಕೊಂಡಿದ್ದರು. "ಅಯ್ಯೋ ಮಕ್ಳಾ, ಊರೋರೆಲ್ಲ ಬುಟ್ಟೋಗಿರೋ ಪಾಪ್ವ ಹಿಂಗ್ ಬಾಚ್ಕಂಡ್ ಕೂತಿದ್ದೀರಲ್ಲ, ನಿಮ್ಗೇನ್ ಬಂತು?"

ಬನ್ನೂರಿನವಳು ಕೊರಳಮಟ್ಟದ ನೀರಿನಿಂದಲೇ ಕೂಗಿದಳು. "ನೀವೇನ್ ಬುಡ್ತೀರಿ ಹೇಳಿ ಅವ್ವ, ಚೆನ್ನಾಗಿದ್ರೆ ನಾನೇ ಉಟ್ಕೋತೀನಿ!" ಆ ಹೆಂಗಸು ನಗುತ್ತಾ ತಮ್ಮ ಸೀರೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಹೋದರು. ಹೊಳೆಗೆ ಬಿಡಲಿಲ್ಲ. ನಾನು ವಾರದಿಂದ ಕೈ ಮುಗಿದು, ತಿಳಿಹೇಳಿ, ಒಬ್ಬರ ಮನಸ್ಸನ್ನೂ ಬದಲಿಸಿರಲಿಲ್ಲ.

ನಾಲ್ಕನೆಯ ದಿನ ಪತ್ರಿಕೆಯೊಂದರಲ್ಲಿ ಅವಳ ಚಿತ್ರ ಬಂತು. ಹೆಗಲ ಮೇಲೆ ಸೀರೆಗಳ ಗಂಟು, ಮೈಯಿಂದ ನೀರು ಇಳಿಯುತ್ತಿದೆ, ಹಲ್ಲು ಬಿಟ್ಟು ನಗುತ್ತಿದ್ದಾಳೆ. ಚಿತ್ರದ ಎಡ ಅಂಚಿನಲ್ಲಿ ಒಂದು ಮೊಣಕೈ ಮತ್ತು ಹಳದಿ ಹಗ್ಗ. ಆ ಮೊಣಕೈ ನನ್ನದು. ನಮ್ಮ ಮನೆ ಅಲ್ಲಿಂದ ಹತ್ತು ನಿಮಿಷದ ದಾರಿ. ಅಮ್ಮ ಫೋನ್ ಮಾಡಿ, "ಆ ಹುಡುಗಿ ಯಾರೇ? ಎಷ್ಟು ಧೈರ್ಯ! ಒಂದಿನ ಊಟಕ್ಕೆ ಕರ್ಕೊಂಡು ಬಾ" ಎಂದಳು. ಕರೆದುಕೊಂಡು ಹೋಗಲಿಲ್ಲ. ಕೇಳಿದರೆ ಕೆಲಸ ಬಹಳ ಎಂದೆ.

ಹೊಟ್ಟೆಕಿಚ್ಚು ಎಂಬ ಮಾತನ್ನು ನಾನು ಆಗ ನನಗೇ ಹೇಳಿಕೊಂಡಿರಲಿಲ್ಲ. ಅವಳು ಶಿಸ್ತಿನವಳಲ್ಲ, ನಿಯಮ ಪಾಲಿಸುವುದಿಲ್ಲ, ಇದರಿಂದ ತಂಡಕ್ಕೆ ತೊಂದರೆ ಎಂದು ಹೇಳಿಕೊಳ್ಳುತ್ತಿದ್ದೆ. ಸೋಮವಾರ ಎರಡು ಸಲ ಸೀಟಿ ಊದಿ ಎಲ್ಲರನ್ನೂ ಮೇಲೆ ಕರೆಸಿದೆ. ಎರಡು ಸಲವೂ ಅಜ್ಜನ ತೆಪ್ಪ ಎಬ್ಬಿಸಿದ ಅಲೆ ಮೆಟ್ಟಿಲನ್ನು ತೋಯಿಸಿತ್ತು, ಅಷ್ಟೆ. ಎರಡನೆಯ ಸಲ ಬನ್ನೂರಿನವಳು ಮೂಗಿನ ನೀರು ಒರೆಸಿಕೊಂಡು ಮೇಲೆ ಬಂದು, "ಅಕ್ಕ, ನಾನು ನೀರಲ್ಲಿರೋದೇ ನಿಮ್ಗೆ ಇಷ್ಟ ಇಲ್ಲ ಅನ್ಸುತ್ತೆ" ಎಂದಳು. ತಮಾಷೆಗೆ ಹೇಳಿದ್ದು. ಎಲ್ಲರೂ ನಕ್ಕರು. ಛತ್ರದ ಹುಡುಗ ಎಲ್ಲರಿಗಿಂತ ಜೋರಾಗಿ ನಕ್ಕ. ಅವರೆಲ್ಲರಿಗೂ ಗೊತ್ತಿದೆ ಎಂದು ನನಗೆ ಆಗ ತಿಳಿಯಿತು.

ಮರುದಿನ ಮಂಗಳವಾರ. ಹನ್ನೊಂದು ಗಂಟೆಗೆ ಅವಳು ಅಲ್ಲಿಯವರೆಗೆ ಸಿಕ್ಕಿದ್ದರಲ್ಲೆಲ್ಲ ದೊಡ್ಡ ಗಂಟಿಗೆ ಕೊಕ್ಕೆ ಹಾಕಿದ್ದಳು. ದಡದಲ್ಲಿ ನಾಲ್ವರು ಎಳೆಯುತ್ತಿದ್ದರು. ಗಂಟು ಇನ್ನೂ ತಳ ಬಿಟ್ಟಿರಲಿಲ್ಲ. ಮೀಯಲು ಬಂದಿದ್ದವರು ಫೋನುಗಳನ್ನು ಎತ್ತಿ ಹಿಡಿದಿದ್ದರು. ಆಗ ನಾನು ಮೆಟ್ಟಿಲು ನೋಡಿದೆ. ಮೂಲೆ ಇರಲಿಲ್ಲ. ನೀರು ಕೆಂಪಗಾಗಿತ್ತು. ತೆಪ್ಪ ದೂರದಲ್ಲಿತ್ತು, ಇದು ಅಲೆಯಲ್ಲ.

ಆ ಕ್ಷಣದಲ್ಲಿ ತಲೆಯಲ್ಲಿ ಬಂದದ್ದನ್ನು ಬಂದ ಹಾಗೇ ಬರೆಯುತ್ತೇನೆ. ಈಗ ಊದಿದರೆ ಮತ್ತೆ ನಗುತ್ತಾರೆ. ಅದು ಮೊದಲನೆಯದು. ಎರಡನೆಯದು, ಊದದೆ ಇದ್ದರೆ ನೀರು ಜಾಸ್ತಿಯಾಗಿ ಆ ಗಂಟು ಅವಳ ಕೈಯಿಂದ ತಪ್ಪಿಹೋಗುತ್ತದೆ. ಇಷ್ಟು ಜನರ ಮುಂದೆ. ತಪ್ಪಲಿ. ಒಂದು ಸಲ ಅವಳ ಕೈಯಿಂದಲೂ ತಪ್ಪಲಿ.

ಅವಳ ಜೀವಕ್ಕೆ ಏನಾದರೂ ಆಗಲಿ ಎಂದು ಬಯಸಲಿಲ್ಲ. ಇದನ್ನು ಎಷ್ಟು ಸಲ ಹೇಳಿಕೊಂಡರೂ ಅದರಿಂದ ಏನೂ ಕಡಿಮೆಯಾಗುವುದಿಲ್ಲ.

ಊದಿದಾಗ ಹನ್ನೊಂದು ಗಂಟೆ ಹನ್ನೆರಡು ನಿಮಿಷ. ಅಷ್ಟರಲ್ಲಿ ಗಂಟು ತಳ ಬಿಟ್ಟಿತ್ತು. ತಳ ಬಿಟ್ಟ ಗಂಟನ್ನು ಏರಿದ ನೀರು ಹಿಡಿದುಕೊಂಡಿತು. ಒಂದು ಸೀರೆಯ ಸುರುಳಿ ಬಿಚ್ಚಿ ಅವಳ ಬಲಗಾಲಿಗೆ ಸುತ್ತಿಕೊಂಡಿತು. ಸೀಟಿ ಕೇಳಿ ದಡದವರು ಕೊಕ್ಕೆಯ ಹಗ್ಗ ಬಿಟ್ಟರು. ಗಂಟು ಅವಳ ಕಾಲನ್ನು ಹಿಡಿದು ಕೆಳಕ್ಕೆ ಓಡತೊಡಗಿತು. ಸೊಂಟದ ಹಳದಿ ಹಗ್ಗ ಅವಳನ್ನು ಮೇಲಿನಿಂದ ಹಿಡಿದು ನಿಲ್ಲಿಸಿತು. ಎರಡರ ನಡುವೆ ಅವಳು ಹಲಗೆಯ ಹಾಗೆ ಚಾಚಿಕೊಂಡು ನೀರಿನೊಳಗೆ ಹೋದಳು.

"ಎಳೀರಿ! ಬಿಡಬೇಡಿ! ಎಳೀರಿ!" ಮೇಷ್ಟ್ರು ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿಯುತ್ತಾ ಕೂಗಿದರು.

ಛತ್ರದ ಹುಡುಗ ಓಡಿಬಂದು ನನ್ನ ಹಿಂದೆ ಹಗ್ಗಕ್ಕೆ ಕೈ ಹಾಕಿದ. ಎಳೆದೆವು. ತಲೆ ಒಮ್ಮೆ ಕಾಣಿಸಿತು. ಇನ್ನೊಮ್ಮೆ ಎಳೆದೆವು. ತಲೆ ಮುಳುಗಿತು. ಮತ್ತೆ ಎಳೆದೆವು. ಒಂದು ಕೈ ಮಾತ್ರ ಮೇಲೆ ಬಂದು ಗಾಳಿಯನ್ನು ಹಿಡಿಯಲು ನೋಡಿ ಒಳಗೆ ಹೋಯಿತು.

ಕೆಳಗಿನಿಂದ ಅಜ್ಜನ ದನಿ ಬಂತು. "ಬುಡ್ರವ್ವೋ! ಅಗ್ಗ ಬುಡಿ! ಸಾಯ್ಸ್‌ಬುಡ್ತೀರಿ, ಬುಡ್ರೋ!"

ಎಳೆದಾಗಲೆಲ್ಲ ಮುಳುಗುತ್ತಿದ್ದಾಳೆ ಎಂದು ನನಗೆ ಕಾಣುತ್ತಿತ್ತು. ಹಗ್ಗ ಬಿಡಬೇಕು. ಕಂಬದ ಸುತ್ತು ಬಿಚ್ಚಿದರೆ ಸಾಕು. ಆದರೆ ಕೈ ಬರಲಿಲ್ಲ. ಬಿಟ್ಟಮೇಲೆ ಅವಳು ಉಳಿಯದಿದ್ದರೆ? ಇವಳು ಬೇಕೆಂದೇ ಬಿಟ್ಟಳು ಎನ್ನುತ್ತಾರೆ. ನಿನ್ನೆ ನಕ್ಕವರೆಲ್ಲ ಇಲ್ಲೇ ಇದ್ದಾರೆ. ಅವಳನ್ನು ಕಂಡರಾಗದವಳು ಮಾಡುವ ಕೆಲಸವೂ, ಅವಳನ್ನು ಉಳಿಸಬೇಕೆನ್ನುವವಳು ಮಾಡುವ ಕೆಲಸವೂ ಆಗ ಒಂದೇ ಆಗಿತ್ತು.

ಸುತ್ತು ಬಿಚ್ಚಿದೆ. ಛತ್ರದ ಹುಡುಗ ಇನ್ನೂ ಹಗ್ಗ ಹಿಡಿದೇ ಇದ್ದ. "ಬಿಡೋ!" ಎಂದು ಕಿರುಚಿದೆ.

"ಏನ್ ಮಾಡ್ತಿದ್ದೀರ ಅಕ್ಕ! ತಲೆ ಕೆಟ್ಟೋಗದಾ ನಿಮ್ಗೆ!"

ಅವನ ಬೆರಳುಗಳನ್ನು ಹಲ್ಲಿನಲ್ಲಿ ಕಚ್ಚಿದೆ. ಹಗ್ಗ ಕಂಬವನ್ನು ಉಜ್ಜಿಕೊಂಡು ಓಡಿತು. ಅದರ ತುದಿ ನೀರಿಗೆ ಬಿದ್ದದ್ದನ್ನು ನೋಡಿದೆ. ಆಮೇಲೆ ನೀರಿನ ಮೇಲೆ ಏನೂ ಇರಲಿಲ್ಲ.

ಹಗ್ಗದ ಎಳೆತ ತಪ್ಪಿದ ಮೇಲೆ ಅವಳೂ ಗಂಟೂ ಒಂದೇ ವೇಗದಲ್ಲಿ ಹರಿದವಂತೆ. ಸುತ್ತು ಸಡಿಲವಾಯಿತಂತೆ. ಅವಳು ಮೊಣಕಾಲು ಮಡಚಿ ಎಡಗಾಲಿನಿಂದ ಸೀರೆಯನ್ನು ತಳ್ಳಿದಳಂತೆ. ಇದೆಲ್ಲ ಆಮೇಲೆ ಕೇಳಿದ್ದು. ನಾನು ಕಂಡದ್ದು, ತುಂಬಾ ಕೆಳಗೆ, ನಾನು ನೋಡುತ್ತಿದ್ದ ಕಡೆಯಲ್ಲೇ ಅಲ್ಲ, ಒಂದು ಕಪ್ಪು ತಲೆ ಮೇಲೆ ಬಂದದ್ದು. ಅಜ್ಜ ಹುಟ್ಟು ಚಾಚಿದರು. ಅವಳು ತೆಪ್ಪದ ಅಂಚು ಹಿಡಿದು ವಾಂತಿ ಮಾಡಿಕೊಂಡಳು.

ಮೇಷ್ಟ್ರು, ಛತ್ರದ ಹುಡುಗ, ಎಲ್ಲರೂ ಆ ಕಡೆ ಓಡಿದರು. ನಾನು ಕಂಬದ ಬುಡದಲ್ಲಿ ಕೂತು ಪುಸ್ತಕ ತೆಗೆದು ಬರೆದೆ. "ಹನ್ನೊಂದು ಹತ್ತು, ಮೂಲೆ ಕಾಣುತ್ತಿದೆ. ಹನ್ನೊಂದು ಹನ್ನೆರಡು, ಮುಳುಗಿತು, ಸೀಟಿ ಊದಲಾಯಿತು." ಅವಳನ್ನು ಎತ್ತಿಕೊಂಡು ಬರುವುದರೊಳಗೆ ಇಷ್ಟು ಬರೆದು ಮುಗಿಸಿದ್ದೆ. ಅಕ್ಷರ ಸ್ವಲ್ಪವೂ ಸೊಟ್ಟಗಾಗಿರಲಿಲ್ಲ.

ಅವಳನ್ನು ಆಸ್ಪತ್ರೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡು ಮರುದಿನ ಬನ್ನೂರಿಗೆ ಕಳಿಸಿದರು. ಮಂಗಳವಾರ ಸಂಜೆಯೇ ಮೇಷ್ಟ್ರು ಎಲ್ಲರನ್ನೂ ಕೂರಿಸಿ, "ನಾನು ಎಳೀರಿ ಅಂದೆ. ಈ ಹುಡುಗಿ ನನ್ನ ಮಾತು ಕೇಳಲಿಲ್ಲ. ಕೇಳಿದ್ದಿದ್ದರೆ ಇವತ್ತು ನಾವು ಹೆಣ ಒಯ್ಯಬೇಕಿತ್ತು" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಛತ್ರದ ಹುಡುಗ ಕಚ್ಚಿದ ಬೆರಳು ಎತ್ತಿ ತೋರಿಸಿ, "ಅಕ್ಕನ್ ಹಲ್ಲಿಗೆ ಬಹುಮಾನ ಕೊಡ್ಬೇಕು ಸಾ" ಎಂದ. ಪತ್ರಿಕೆಯವರು ಬಂದು, ಹಗ್ಗ ಹಿಡಿದು ಕಂಬದ ಪಕ್ಕ ನಿಲ್ಲಿ ಎಂದರು. ನಿಂತೆ. ಈ ಸಲ ಚಿತ್ರದಲ್ಲಿ ನಾನು ಪೂರ್ತಿ ಇದ್ದೆ. ಅಮ್ಮ ಅದನ್ನು ಕತ್ತರಿಸಿ ಕನ್ನಡಿಯ ಸಂದಿಗೆ ಸಿಕ್ಕಿಸಿದ್ದಾಳೆ.

ಬೇಕು ಬೇಕು ಎಂದದ್ದೆಲ್ಲ ಒಂದೇ ದಿನ ಬಂತು. ಅಂದಿನಿಂದ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಮೆಟ್ಟಿಲು. ಎರಡು ನಿಮಿಷ ಎಂದರೆ ನೂರಿಪ್ಪತ್ತು ಎಣಿಕೆ. ಮಲಗಿ ಎಣಿಸುತ್ತಿದ್ದೆ. ಅರವತ್ತರ ಹತ್ತಿರ ಗಂಟು ತಳ ಬಿಡುತ್ತಿತ್ತು. ಹತ್ತಕ್ಕೆ ಊದಿದ್ದರೆ? ಇಪ್ಪತ್ತಕ್ಕೆ? ಐವತ್ತಕ್ಕೆ ಊದಿದ್ದರೂ ಅವಳು ಕೊಕ್ಕೆ ಬಿಟ್ಟು ನಡೆದೇ ಮೇಲೆ ಬರುತ್ತಿದ್ದಳು. ಪ್ರತಿ ಸಲವೂ ನೂರಿಪ್ಪತ್ತರವರೆಗೆ ಎಣಿಸಿಯೇ ಊದುತ್ತಿದ್ದೆ.

ಶುಕ್ರವಾರ ನರಸೀಪುರಕ್ಕೆ ಬಂದೆವು. ಎರಡು ಹೊಳೆಗಳೂ ತುಂಬಿದ್ದರಿಂದ ನೀರಿಗಿಳಿಯುವ ಹಾಗಿರಲಿಲ್ಲ. ನಂಜನಗೂಡಿನ ಹೊಳೆಯಿಂದ ತೆಗೆದು ತಂದಿದ್ದ ಬಟ್ಟೆಗಳನ್ನು ಒಗೆದು ಶಾಲೆಯ ಅಂಗಳದಲ್ಲಿ ಒಣಹಾಕಿದೆವು. ಭಾನುವಾರ ಬನ್ನೂರಿನ ಹುಡುಗಿ ಬಂದಳು, ಜೊತೆಗೆ ಅವಳ ಅವ್ವ. ಹನ್ನೆರಡು ಜನಕ್ಕೂ ರಾಗಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ ತಂದಿದ್ದರು. ಬುಟ್ಟಿ ಇಳಿಸಿದವರೇ, "ಆವತ್ತು ಅಗ್ಗ ಬುಟ್ಟೋಳು ಯಾರವ್ವ?" ಎಂದು ಕೇಳಿ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು.

"ನನ್ ಮಗೀಗೆ ನೀನು ಎರಡ್ನೇ ಅವ್ವ ಕಣವ್ವ. ನಿನ್ ಒಟ್ಟೆ ತಣ್ಣಗಿರ್ಲಿ."

ಅವರ ಹಿಂದೆ ಮಗಳು ಬಲಗಾಲನ್ನು ಸ್ವಲ್ಪ ಎಳೆದುಕೊಂಡು ನಿಂತಿದ್ದಳು. ಎಲ್ಲರೂ ಅವಳ ಕಾಲು ನೋಡುತ್ತಿದ್ದರು, ಕುರ್ಚಿ ತಂದುಕೊಡುತ್ತಿದ್ದರು. ಹೇಳಿದರೆ ನಂಬುತ್ತೀರೋ ಇಲ್ಲವೋ, ಆಗಲೂ ನನಗೆ ಒಳಗೆ ಚುರ್ ಎಂದಿತು. ನಮ್ಮಮ್ಮ ನನಗೋಸ್ಕರ ಹನ್ನೆರಡು ಜನಕ್ಕೆ ರೊಟ್ಟಿ ತಟ್ಟಿಕೊಂಡು ಬಂದಿರಲಿಲ್ಲ. ರೊಟ್ಟಿ ಬಾಯಿಗೆ ಇಟ್ಟೆ. ಉಳಿದದ್ದನ್ನು ಛತ್ರದ ಹುಡುಗನ ತಟ್ಟೆಗೆ ಹಾಕಿದೆ.

ಅವ್ವ ಅಂದೇ ಊರಿಗೆ ಹೊರಟರು, ಮಗಳು ಶಿಬಿರದಲ್ಲೇ ಉಳಿದಳು. ಮಂಗಳವಾರ ಮಧ್ಯಾಹ್ನ, ಆ ದಿನದಿಂದ ಸರಿಯಾಗಿ ಒಂದು ವಾರಕ್ಕೆ, ಜಗಲಿಯ ಮೇಲೆ ನಾವಿಬ್ಬರೇ ಒಣಗಿದ ಸೀರೆಗಳನ್ನು ಮಡಿಸುತ್ತಿದ್ದೆವು. ಒಂದು ತುದಿ ಅವಳ ಕೈಯಲ್ಲಿ, ಒಂದು ತುದಿ ನನ್ನ ಕೈಯಲ್ಲಿ. ಝಾಡಿಸಿ, ಅರ್ಧ ಮಾಡಿ, ಹತ್ತಿರ ಬಂದು ಅಂಚು ಸೇರಿಸಬೇಕು. ಹಸಿರು ಅಂಚಿನ ಸೀರೆಯೊಂದನ್ನು ಹಿಡಿದಿದ್ದಾಗ ಹೇಳಿದೆ. ಹತ್ತಿರ ಬರುವ ಮೊದಲು, ಸೀರೆಯಷ್ಟು ದೂರದಲ್ಲಿ ನಿಂತೇ ಹೇಳಿದೆ.

"ಮೆಟ್ಟಿಲು ಮುಳುಗಿದ್ದನ್ನ ನಾನು ಮೊದಲೇ ನೋಡಿದ್ದೆ. ಊದಲಿಲ್ಲ."

ಅವಳು ಅಂಚು ಬಿಡಲಿಲ್ಲ. ಸೀರೆ ಬಿಗಿಯಾಯಿತು.

"ಎಷ್ಟೊತ್ತು?"

"ಎರಡು ನಿಮಿಷ."

"ಯಾಕೆ?"

ಸುಳ್ಳು ಸಿದ್ಧವಾಗಿತ್ತು. ಅಲೆ ಇರಬಹುದೆಂದುಕೊಂಡೆ ಎನ್ನಬಹುದಿತ್ತು. "ನಿನ್ನನ್ನ ಕಂಡ್ರೆ ಹೊಟ್ಟೆ ಉರೀತಿತ್ತು. ಆ ಗಂಟು ನಿನ್ನ ಕೈ ತಪ್ಪಲಿ ಅಂತ ಕಾಯ್ತಿದ್ದೆ."

ಅವಳು ನಡೆದು ಬಂದು ತನ್ನ ತುದಿಯನ್ನು ನನ್ನ ತುದಿಗೆ ಸೇರಿಸಿ, ಮಡಿಸಿ, ಗುಡ್ಡೆಯ ಮೇಲೆ ಇಟ್ಟಳು.

"ನಮ್ಮವ್ವ ನಿನ್ನ ಕೈನ ಕಣ್ಗೆ ಒತ್ಕೊಂಡ್ಳು," ಎಂದಳು. ಅಷ್ಟೇ. ಅಕ್ಕ ಎನ್ನಲಿಲ್ಲ, ನೀವು ಎನ್ನಲಿಲ್ಲ. ಒಳಗೆ ಹೋದಳು.

ಅಲ್ಲಿಂದ ಎದ್ದು ಮೇಷ್ಟ್ರ ಹತ್ತಿರ ಹೋದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು. ಪುಸ್ತಕ ತರಿಸಿ, ಸುಳ್ಳು ಸಾಲನ್ನು ಹೊಡೆದುಹಾಕಿಸಿ, ಸರಿಯಾದದ್ದನ್ನು ನನ್ನ ಕೈಯಲ್ಲೇ ಬರೆಸಿ ಸಹಿ ಹಾಕಿಸಿಕೊಂಡರು.

"ಹಗ್ಗ, ಸೀಟಿ ಎರಡೂ ಒಬ್ಬರ ಕೈಲಿ ಕೊಟ್ಟಿದ್ದು ನನ್ನ ತಪ್ಪು. ಅದು ನನ್ನ ಲೆಕ್ಕಕ್ಕಿರಲಿ. ಇನ್ನುಳಿದದ್ದು ನಿಂದು," ಎಂದರು. ಕೊರಳಿನಿಂದ ಸೀಟಿ ತೆಗೆದುಕೊಡು ಎಂದು ಕೈ ಚಾಚಿದರು. ಕೊಟ್ಟೆ.

ಅಂದು ಸಂಜೆಯೇ ಹೊಸ ನಿಯಮಗಳಾದವು. ಮೆಟ್ಟಿಲನ್ನು ಇಬ್ಬರು ನೋಡಬೇಕು, ಕಂಡದ್ದನ್ನು ಜೋರಾಗಿ ಹೇಳಬೇಕು. ಸೊಂಟದ ಹಗ್ಗಕ್ಕೆ ಇಳಿದವರೇ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವಂಥ ಗಂಟು ಹಾಕಬೇಕು. ಬಟ್ಟೆ ಕಾಲಿಗೆ ಸಿಕ್ಕರೆ ಎಳೆಯಬಾರದು, ಬಿಡಬೇಕು. ಆ ಗಂಟು ಹಾಕುವುದನ್ನು ನಂಜನಗೂಡಿನಿಂದ ಬಸ್ಸಿನಲ್ಲಿ ಬಂದು ಕಲಿಸಿದವರು ತೆಪ್ಪದ ಅಜ್ಜ. "ನಂಗೂ ಬಸ್ ಫ್ರೀ ಮಾಡುಸ್ರಪ್ಪ ಮೊದ್ಲು" ಎಂದು ಛತ್ರದ ಹುಡುಗನ ಬೆನ್ನಿಗೆ ಗುದ್ದಿದರು.

ಗುರುವಾರ ನೀರು ಇಳಿಯಿತು. ಸಂಗಮದ ಮೆಟ್ಟಿಲ ಹತ್ತಿರ ಕೆಲಸ ಶುರುವಾಯಿತು. ನನಗೆ ಬಟ್ಟೆ ಬೇರೆ ಮಾಡುವ ಕೆಲಸ. ಕಾಲಿನ ನೋವು ಪೂರ್ತಿ ಹೋಗಿರದ ಕಾರಣ ಬನ್ನೂರಿನವಳಿಗೆ ಸೀಟಿ ಸಿಕ್ಕಿತು. ನನ್ನ ಕೊರಳಲ್ಲಿ ಎರಡು ವಾರ ಇದ್ದ ಅದೇ ಸೀಟಿ. ಮರಳಿನ ಮೇಲೆ ಕೂತು ಒದ್ದೆ ಪಂಚೆಗಳನ್ನು ಬಿಡಿಸುತ್ತಾ ಆ ಸೀಟಿಯನ್ನೂ ನೋಡಿ ಹೊಟ್ಟೆ ಉರಿದುಕೊಂಡೆ. ಛತ್ರದ ಹುಡುಗ ಈಗ ನನ್ನ ಜೊತೆ ತಮಾಷೆ ಮಾಡುತ್ತಿರಲಿಲ್ಲ. ಅನ್ನ ಬಡಿಸುವಾಗ ಸಾಕೇ ಎಂದು ಕೇಳುತ್ತಿದ್ದ, ಅಷ್ಟೆ. ನಾಲ್ಕು ದಿನ ಬನ್ನೂರಿನವಳು ಒಂದು ಮಾತೂ ಆಡಲಿಲ್ಲ. ಇಬ್ಬರೂ ಮಲಗುತ್ತಿದ್ದದ್ದು ಒಂದೇ ಕೋಣೆಯಲ್ಲಿ. ಅವಳ ಉಸಿರು ನಿದ್ದೆಗೆ ಇಳಿಯುವುದು ನನಗೆ ಕೇಳುತ್ತಿತ್ತು.

ಭಾನುವಾರ ಶಿಬಿರದ ಕಡೆಯ ದಿನ. ಉಳಿದಿದ್ದದ್ದು ಒಂದೇ ಗಂಟು. ಬನ್ನೂರಿನವಳ ಬದಲು ಇಳಿಯುತ್ತಿದ್ದ ಹುಡುಗಿಗೆ ಜ್ವರ. ಇನ್ಯಾರು ಇಳಿಯುವುದು ಎಂದು ಮೇಷ್ಟ್ರು ಸುತ್ತ ನೋಡುತ್ತಿದ್ದಾಗ ಬನ್ನೂರಿನವಳು ನನ್ನ ಕಡೆ ಕೈ ತೋರಿಸಿದಳು.

"ಇವಳು ಇಳೀಲಿ ಸರ್. ಈಜು ಬರುತ್ತೆ."

"ಅವಳಿಗೆ ಭಯ ಕಣಮ್ಮ."

"ನನಗಿಲ್ವಾ ಸರ್ ಈಗ?" ಎಂದಳು.

ಹಗ್ಗವನ್ನು ಛತ್ರದ ಹುಡುಗ ಹಿಡಿದ. ಸೊಂಟಕ್ಕೆ ಗಂಟು ನಾನೇ ಹಾಕಿಕೊಂಡೆ. ಅವಳು ಬಂದು ನೋಡಿ, ಬಿಚ್ಚಿ, ಇನ್ನೊಮ್ಮೆ ಹಾಕಿದಳು. "ಇದನ್ನ ಎಳುದ್ರೆ ಬಿಚ್ಚುತ್ತೆ. ಒಂದ್ಸಲ ಎಳೆದು ನೋಡು." ಎಳೆದೆ. ಬಿಚ್ಚಿತು. ಮತ್ತೆ ಹಾಕಿದಳು. ಸೀಟಿಯನ್ನು ಬಾಯಿಗಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಳು.

ನೀರು ತಣ್ಣಗಿತ್ತು. ತಳದಲ್ಲಿ ಬಟ್ಟೆ ಪಾದಕ್ಕೆ ತಾಗಿತು. ಮೊದಲ ದಿನದ ಹಾಗೇ ತಬ್ಬಿಕೊಂಡಿತು. ಕಿರುಚಲಿಲ್ಲ. ಕೊಕ್ಕೆ ಸಿಕ್ಕಿಸಿ ಕೈ ಎತ್ತಿದೆ. ಆಮೇಲೆ ಗಂಟಿನ ಕಡೆ ನೋಡಲೇ ಇಲ್ಲ. ಅವಳನ್ನೇ ನೋಡುತ್ತಿದ್ದೆ. ಅವಳು ಒಮ್ಮೆ ಮೆಟ್ಟಿಲು ನೋಡುವಳು, ಒಮ್ಮೆ ನನ್ನನ್ನು ನೋಡುವಳು. ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಮೊಣಕಾಲಿನ ಸುತ್ತ ನೀರಿನ ಸೆಳೆತ ಜಾಸ್ತಿಯಾದ ಹಾಗೆ ಅನ್ನಿಸಿತು. ನಿಜವೋ ಭಯವೋ ಗೊತ್ತಾಗಲಿಲ್ಲ. ನೀರಿನಲ್ಲಿ ನಿಂತವರಿಗೆ ನೀರು ಏರುವುದು ತಿಳಿಯುವುದಿಲ್ಲ. ದಡದಲ್ಲಿರುವವರಿಗೆ ಮಾತ್ರ ಕಾಣುತ್ತದೆ. ಎರಡು ವಾರ ದಡದಲ್ಲಿ ಕೂತಿದ್ದ ನನಗೆ ಇದು ಹೊಳೆದಿರಲಿಲ್ಲ. ಎಣಿಸಲು ಶುರು ಮಾಡಿದೆ. ನಲವತ್ತಕ್ಕೆ ಬಂದಿದ್ದೆ.

ಉದ್ದಕ್ಕೆ ಸೀಟಿ ಊದಿದಳು.

ಕೊಕ್ಕೆ ಬಿಟ್ಟು ನಡೆದೇ ಮೇಲೆ ಬಂದೆ. ಗುರುತಿನ ಮೆಟ್ಟಿಲು ಇನ್ನೂ ನಾಲ್ಕು ಬೆರಳು ಮೇಲಿತ್ತು, ಒಣಗಿತ್ತು.

"ಇನ್ನೂ ಮುಳುಗಿಲ್ವಲ್ಲ?" ಎಂದೆ. ಹಲ್ಲು ಕಟಕಟ ಎನ್ನುತ್ತಿತ್ತು.

"ಏರ್ತಾ ಇತ್ತು. ಮುಳುಗೋತನ್ಕ ಕಾಯ್ಬೇಕಾ?" ಎಂದಳು. ಟವೆಲು ನನ್ನ ಕಡೆ ಎಸೆದು, ಹೊತ್ತು ನೋಡಿ ಪುಸ್ತಕದಲ್ಲಿ ಬರೆಯತೊಡಗಿದಳು. ಆ ಗಂಟು ಅಲ್ಲೇ ಉಳಿಯಿತು. ಈಗಲೂ ಅಲ್ಲೇ ಇರಬೇಕು.

ನಾನಾಗಿದ್ದರೆ ಆ ನಾಲ್ಕು ಬೆರಳು ಬಿಟ್ಟು ಊದುತ್ತಿದ್ದೆನೇ? ಗೊತ್ತಿಲ್ಲ. ಈಗಲೂ ಎಲ್ಲಿ ಮೆಟ್ಟಿಲು ಕಂಡರೂ, ಬಸ್ಸಿನ ಮೆಟ್ಟಿಲಾದರೂ ಸರಿ, ಮೊದಲು ಅದರ ಮೂಲೆ ನೋಡುತ್ತೇನೆ.

ಅಂದು ರಾತ್ರಿ ಊಟ ಮಾಡಿ ಗೋಡೆಯ ಪಕ್ಕ ಚಾಪೆ ಹಾಸಿದೆ. ಎಣಿಸಲು ಶುರು ಮಾಡಿದ್ದು ನೆನಪಿದೆ. ಹತ್ತೋ ಹನ್ನೆರಡೋ ಆಗಿತ್ತು. ಆಮೇಲೆ ನೆನಪಿರುವುದು ಕಿಟಕಿಯಿಂದ ಮುಖಕ್ಕೆ ಬಿದ್ದ ಬಿಸಿಲು, ಅಂಗಳದಲ್ಲಿ ಟೆಂಪೋಗೆ ಪಾತ್ರೆ ಏರಿಸುವ ಸದ್ದು, ಮತ್ತು ಬನ್ನೂರಿನವಳು ಕಾಲಿನಿಂದ ನನ್ನ ಚಾಪೆಯನ್ನು ಅಲುಗಿಸಿ, "ಏಳೇ, ಗಂಟೆ ಏಳಾಯ್ತು. ಕಾಫಿ ಆರೋಗುತ್ತೆ" ಎಂದದ್ದು.